ಅಂಗೈಯಲ್ಲಿ ಬೆಚ್ಚಗಾದ ಸ್ಟೆತಸ್ಕೋಪು

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಎಳೆಯ ಡಾಕ್ಟರೊಬ್ಬರು ಎ.ಸಿ.ಯಲ್ಲಿ ತಣ್ಣಗಾಗಿದ್ದ ಸ್ಟೆತಸ್ಕೋಪನ್ನು ನೇರವಾಗಿ ಎದೆಗೆ ಒತ್ತಿದಾಗ ಬೆಚ್ಚಿಬಿದ್ದೆ. ಅವರ ತಪ್ಪಲ್ಲ. ನನ್ನ ಅಭ್ಯಾಸ ಕೆಡಿಸಿದವರು ದುಖಾನಿನ ನಮ್ಮ ಡಾಕ್ಟರು...

ವರ್ಷಗಳ ಹಿಂದೆ ನಾನು ದುಖಾನ್ ಎಂಬ ಮರುಭೂಮಿಯ ಊರಿನಲ್ಲಿ ಎಣ್ಣೆ ಕಂಪನಿಯೊಂದರ ಗೋದಾಮಿನಲ್ಲಿದ್ದೆ. ಸುತ್ತ ಮರಳು, ಪೈಪು. ಅಲ್ಲಿನ ಸಣ್ಣ ದವಾಖಾನೆಗೆ ಇದ್ದ ಡಾಕ್ಟರು ಅವರೊಬ್ಬರೇ, ನಮ್ಮ ತಾಲೂಕಿನವರೇ. ಬಿಸಿಲಿಗೆ ಕುಸಿದ ವೆಲ್ಡರ್ ಇರಲಿ, ಜ್ವರದ ಮಗುವಿರಲಿ, ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಎದೆಗಿಡುತ್ತಿದ್ದರು. ಹೊರಗೆ ಬೆಂಕಿಯಂಥ ಬಿಸಿಲಿದ್ದಾಗಲೂ ಇದೇ ಶಾಸ್ತ್ರ. ನಾವು ನಗುತ್ತಿದ್ದೆವು.

ಒಂದು ಮಳೆಗಾಲದಲ್ಲಿ ಊರಿನಿಂದ ಸುದ್ದಿ ಬಂತು. ಹೆರಿಗೆ ಕಷ್ಟವಾಗಿ ಮಂಗಳೂರಿಗೆ ಹೊರಟಿದ್ದ ಅವರ ತಂಗಿ ದಾರಿಯಲ್ಲಿ ಜೀಪಿನಲ್ಲೇ ತೀರಿಕೊಂಡಿದ್ದಳು. ಹತ್ತಿರದಲ್ಲಿ ಆಸ್ಪತ್ರೆಯೇ ಇರಲಿಲ್ಲ. ಕೆಲವು ತಿಂಗಳ ಮೇಲೆ ಡಾಕ್ಟರು ಕೆಲಸ ಬಿಟ್ಟರು.

"ಎಲೆಕ್ಷನ್‌ಗೆ ನಿಲ್ತೇನೆ ಮಾರಾಯ. ಊರಿಗೊಂದು ಆಸ್ಪತ್ರೆ ಆಗ್ಬೇಕು, ಅಷ್ಟೇ" ಎಂದರು.

"ನಿಮಗೆಂತಕ್ಕೆ ಡಾಕ್ಟ್ರೇ ಆ ರಾಜಕೀಯ? ಇಲ್ಲಿ ನಮ್ಮನ್ನು ನೋಡುವವರು ಯಾರು?"

"ನಿಮಗೆ ಇನ್ನೊಬ್ಬ ಬರ್ತಾನೆ. ಅಲ್ಲಿಗೆ ಯಾರು ಬರ್ತಾರೆ?"

ಓಟು ಕೇಳಲು ಹೋದ ಮನೆಗಳಲ್ಲೂ ಬಿ.ಪಿ. ನೋಡುತ್ತಾ ಕೂರುತ್ತಿದ್ದರಂತೆ. ಗೆದ್ದು ಶಾಸಕರಾದರು. ವಿಧಾನಸಭೆಯಲ್ಲಿ ಆಸ್ಪತ್ರೆಯೊಂದನ್ನೇ ಕೇಳಿ ಕೇಳಿ ಜೊತೆಯವರ ತಮಾಷೆಗೂ ಸಿಕ್ಕಿದರು. ಕೊನೆಗೆ ಕಟ್ಟಡ ಎದ್ದಿತು, ಹಾಸಿಗೆಗಳು ಬಂದವು. ಡಾಕ್ಟರು ಮಾತ್ರ ಯಾರೂ ನಿಲ್ಲಲಿಲ್ಲ. ಆರ್ಡರಾದವರೆಲ್ಲ ಬಂದ ಹಾಗೇ ವರ್ಗ ಮಾಡಿಸಿಕೊಂಡು ಹೋದರು. ಖಾಲಿ ಆಸ್ಪತ್ರೆ ತೋರಿಸಿಯೇ ಮುಂದಿನ ಚುನಾವಣೆಯಲ್ಲಿ ಅವರನ್ನು ಸೋಲಿಸಿದರು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಸೋತ ಮೇಲೆ ಅವರೇ ದಿನವೂ ಆ ಆಸ್ಪತ್ರೆಗೆ ಹೋಗಿ, ಸಂಬಳವಿಲ್ಲದೆ, ರೋಗಿಗಳನ್ನು ನೋಡುತ್ತಿದ್ದರು. ಕಳೆದ ವರ್ಷ ಅಲ್ಲೇ ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಕುಸಿದರಂತೆ. ಇದ್ದ ಡಾಕ್ಟರು ಅವರೊಬ್ಬರೇ. ನರ್ಸು ಇನ್ಯಾರನ್ನು ಕರೆಯಬೇಕು? ಅಂಬುಲೆನ್ಸು ಮಂಗಳೂರಿಗೆ ಹೊರಟಿತು. ತಂಗಿ ಹೋದ ಅದೇ ದಾರಿ. ಮುಟ್ಟಲಿಲ್ಲ...

ಮೊನ್ನೆಯ ಡಾಕ್ಟರಿಗೆ ಊರು ಯಾವುದೆಂದು ಕೇಳಿದೆ. ನಮ್ಮದೇ ತಾಲೂಕು!

"ಅಲ್ಲಿ ಆಸ್ಪತ್ರೆ ಉಂಟಲ್ಲ, ಹೋಗುವ ಆಲೋಚನೆ ಇಲ್ವಾ?"

"ಅಲ್ಲಿ ಎಂತ ಉಂಟು ಅಂಕಲ್?" ಎಂದು ನಕ್ಕರು.

ಅಂಗಿಯ ಗುಂಡಿ ಹಾಕಿಕೊಂಡೆ. ನಮ್ಮ ಡಾಕ್ಟರು ಇನ್ನಿಲ್ಲವೆಂಬುದು ನನಗೆ ನಿಜವಾಗಿ ತಟ್ಟಿದ್ದು ಆಗಲೇ. ಅವರು ಹೇಳಿದಂತೆಯೇ, ನಮಗೆ ಇನ್ನೊಬ್ಬ ಬಂದಿದ್ದ.