ಹಾಲಿನ ಕೋಣೆಗೊಂದು ಚಿಲಕ

ನೀಲಗಿರಿಯ ಸೋಲೂರಿನಿಂದ ಸ್ವಲ್ಪ ಆಚೆ, ಟೀ ಗಿಡಗಳ ನಡುವೆ ಒಂದು ಬಡಗರ ಹಟ್ಟಿಯಿದೆ. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಸಾಲಿನಲ್ಲಿ ನಿಂತಿವೆ. ಈ ಮನೆಯ ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯ ಕ್ಯಾಲೆಂಡರು ಬೀಳುತ್ತದೆ. ಆ ಸಾಲಿನ ನಡುಮನೆಗೆ ಸೊಸೆಯಾಗಿ ಬಂದ ರಾಜಾಮಣಿ ಸುಮಾರು ನಲವತ್ತು ವರ್ಷ ಮಲಗಿದ್ದು ಮುಂದಿನ ಕೋಣೆಗೂ ಅಡುಗೆಮನೆಗೂ ನಡುವಿನ ದಾರಿಯಲ್ಲಿ. ನೀರು ಕುಡಿಯಲು ಹೋಗುವವರು, ಒದ್ದೆ ಸ್ವೆಟರನ್ನು ಒಲೆ ಹತ್ತಿರ ಒಣಹಾಕುವವರು, ಎಲ್ಲರೂ ಅವಳನ್ನು ದಾಟಿಯೇ ಹೋಗಬೇಕು. ಮಾವ ಬದುಕಿರುವವರೆಗೆ ಮಾವ ದಾಟಿದರು, ಆಮೇಲೆ ಮಗ ದಾಟಿದ, ನಡುನಡುವೆ ಬೆಕ್ಕೂ ದಾಟಿತು. ಗಂಡ ಮಹಾಲಿಂಗಂ ಅರವಂಕಾಡಿನ ಫ್ಯಾಕ್ಟರಿಯಿಂದ ರಿಟೈರಾಗಿ ಬಂದ ಮೇಲೆ ಟಿವಿ ಮುಂದೆ ಮಲಗುವುದನ್ನೇ ಉದ್ಯೋಗ ಮಾಡಿಕೊಂಡಿದ್ದ.

ರಾಜಾಮಣಿ ಬಾಯಿಲ್ಲದವಳಲ್ಲ. ತಾನು ಕೊಯ್ದ ಟೀ ಎಲೆ ಒದ್ದೆ ಎಂದು ತೂಕದಲ್ಲಿ ಕಡಿಮೆ ಮಾಡಿದರೆ ಎಲೆ ತೂಗುವವನ ಅಜ್ಜನವರೆಗೂ ಬಯ್ಯುತ್ತಾ ಹೋಗಿ ಬರುತ್ತಿದ್ದಳು. ಆದರೆ ಮನೆಯೊಳಗೆ ಸೀರೆ ಬದಲಿಸಬೇಕೆಂದರೆ ಮಾತ್ರ, ಒಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಕೆಮ್ಮುತ್ತಾ ಬದಲಿಸಬೇಕು. ಕೆಮ್ಮೇ ಅವಳ ಬಾಗಿಲು. ಬಾಗಿಲಿರುವ ಒಂದು ಕೋಣೆ ತನಗೆ ಬೇಕು ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಕೇಳಿದರೆ ನಗುತ್ತಾರೆಂದು ಕೇಳಿರಲಿಲ್ಲ.

ಮಗ ದಿನೇಶ್‌ಕುಮಾರ್ ಊಟಿಯಲ್ಲಿ ಯಾರದೋ ಕಾಟೇಜು ನೋಡಿಕೊಳ್ಳುತ್ತಾನೆ. ಬಂದುಹೋಗುವ ಗೆಸ್ಟುಗಳು ಏನನ್ನು ನೋಡಿ ಫೋಟೋ ತೆಗೆಯುತ್ತಾರೋ ಅದೇ ಒಳ್ಳೆಯ ಮನೆ ಎಂದು ಅವನ ತಲೆಯಲ್ಲಿ ಕೂತಿದೆ. ಹೋದ ವರ್ಷ ಮದುವೆಯಾದ ಮೇಲೆ ಹಳೇ ಮನೆಯನ್ನು ಹೊಸದು ಮಾಡುವ ಹುಚ್ಚು ಹಿಡಿಯಿತು. ಎಂಜಿನಿಯರು ಕೊಟ್ಟ ಪ್ಲಾನನ್ನು ಫೋನಿನಲ್ಲಿ ಹಿಗ್ಗಿಸಿ ತೋರಿಸಿದ.

"ನೋಡವ್ವೆ, ನಡುಗೋಡೆಯೆಲ್ಲ ಹೋಗುತ್ತೆ. ಓಪನ್ ಕಿಚನ್ನು. ಹಾಲ್‌ನಲ್ಲಿ ಕೂತವರಿಗೆ ಒಲೆ ಮುಂದೆ ನಿಂತವರು ಕಾಣಿಸ್ತಾರೆ."

"ಯಾಕೆ ಕಾಣಿಸಬೇಕು?"

ಅವನು ಪ್ಲಾನನ್ನು ಇನ್ನಷ್ಟು ಹಿಗ್ಗಿಸಿದ. ಪ್ಲಾನಿನಲ್ಲಿ ಅವನಿಗೂ ಹೆಂಡತಿ ಜೀವಿತಾಗೂ ಅಟ್ಯಾಚ್ಡ್ ಬಾತ್‌ರೂಮಿನ ಕೋಣೆಯಿತ್ತು, ಶೂ ಇಡಲು ಕಪಾಟಿತ್ತು, ಅಲಂಕಾರಕ್ಕೆ ಸತ್ತ ಗಿಡ ಇಡಲು ಗೂಡಿತ್ತು. "ನಾ ಎಲ್ಲಿ?" ಎಂದಳು ರಾಜಾಮಣಿ. ಅವನು ಹಾಲ್‌ನ ಮೂಲೆಗೆ ಬೆರಳಿಟ್ಟ. "ಸೋಫಾ ಕಮ್ ಬೆಡ್. ಹಗಲು ಸೋಫಾ, ರಾತ್ರಿ ನೀನು." ನಡುಗೋಡೆ ಹೋದರೆ ದಾರಿ ಹೋಗುತ್ತದೆ ಎಂದುಕೊಂಡಿದ್ದಳು. ಈಗ ಮನೆಯೆಲ್ಲ ದಾರಿಯಾಯಿತು. ಅವಳಿಗೆ ಪಿತ್ತ ನೆತ್ತಿಗೇರಿತು.

ಆ ಮನೆಯಲ್ಲಿ ನಾಲ್ಕು ಗೋಡೆ, ಒಂದು ಬಾಗಿಲು ಇದ್ದ ಕೋಣೆ ಒಂದೇ, ಹಾಗೊಟ್ಟು. ಹಳೇ ಬಡಗರ ಮನೆಗಳಲ್ಲಿ ಹಾಲು, ಮಜ್ಜಿಗೆ ಇಡುವ ಮಡಿ ಕೋಣೆ ಅದು. ಗಂಡಸರು ಮಾತ್ರ ಒಳಗೆ ಹೋಗಬೇಕು, ಹೆಂಗಸರು ಹೊಸ್ತಿಲು ತುಳಿಯುವಂತಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಗಳಿದ್ದಾಗ ಅದಕ್ಕೊಂದು ಗೌರವವೂ ಇತ್ತು. ಎಮ್ಮೆಗಳನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಈಗ ಒಳಗಿದ್ದದ್ದು ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು, ತಲೆಕೆಳಗಾದ ಒಂದು ಹಾಲಿನ ಮಡಕೆ, ಮಹಾಲಿಂಗನ ಇಸ್ಪೀಟಿನ ಕಟ್ಟು. ಹೆಂಡತಿ ಕಾಲಿಡದ ಜಾಗ ಲೋಕದಲ್ಲಿ ಅದೊಂದೇ ಎಂದು ಅವನು ಸರಿಯಾಗಿಯೇ ಲೆಕ್ಕ ಹಾಕಿದ್ದ.

"ಅದನ್ನ ನನಗೆ ಕೊಡಿ," ಎಂದಳು ರಾಜಾಮಣಿ. "ಒಂದು ಕಿಟಕಿ ಇಡಿ, ಒಳಗಿಂದ ಚಿಲಕ ಇಡಿ. ಬೇರೇನೂ ಬೇಡ."

ಮಹಾಲಿಂಗಂ ಟಿವಿಯ ಸದ್ದು ತಗ್ಗಿಸಿದ. ಪಕ್ಕದ ಮನೆಯವರೂ ತಗ್ಗಿಸಿದರು, ಅಂಥ ಗೋಡೆ ಅದು. ಐದೇ ನಿಮಿಷದಲ್ಲಿ ಮಹಾಲಿಂಗನ ಅಣ್ಣ ಧರ್ಮಲಿಂಗಂ ತಲೆಗೆ ಮಫ್ಲರು ಸುತ್ತಿಕೊಂಡು ಬಾಗಿಲಲ್ಲಿ ಹಾಜರಾದ. ಹಟ್ಟಿಯಲ್ಲಿ ಯಾರ ಮದುವೆ, ಯಾರ ಜಗಳ ಇದ್ದರೂ ಅವನ ಮಾತಿಲ್ಲದೆ ಮುಗಿಯುವುದಿಲ್ಲ.

"ಹಾಗೊಟ್ಟಿನಲ್ಲಿ ಹೆಂಗಸು ಮಂಚ ಹಾಕೋದಾ? ಹಿರಿಯರು ಮಾಡಿದ ಕಟ್ಟಳೆ. ಹಾಲಿರೋ ಜಾಗ ಮುಟ್ಟೋದು ಗಂಡಸರ ಕೈ."

"ಗೊಬ್ಬರ ಇದೆ ಭಾವ, ಹಾಲಿಲ್ಲ."

"ಕಟ್ಟಳೆ ಅಂದ್ರೆ ಕಟ್ಟಳೆ!"

ದಿನೇಶ್‌ಕುಮಾರನಿಗೆ ಇದರಲ್ಲೂ ಲಾಭ ಕಂಡಿತು. "ಹಾಗೇ ಇರಲಿ ಅವ್ವೆ. ಗ್ಲಾಸ್ ಬಾಗಿಲು, ಮೇಲೊಂದು ಫೋಕಸ್ ಲೈಟು, ಹೆರಿಟೇಜ್ ಕಾರ್ನರ್ ಮಾಡೋಣ." ಮಗನಿಗೆ ಮಡಕೆಯನ್ನು ಮಲಗಿಸಲು ಜಾಗವಿತ್ತು, ತಾಯಿಯನ್ನು ಮಲಗಿಸಲು ಇರಲಿಲ್ಲ. ರಾಜಾಮಣಿಗೆ ಅಳು ಬಂತು. ಇವರ ಮುಂದೆ ಅಳುವುದು ದಂಡ ಎಂದು ನುಂಗಿಕೊಂಡಳು. ಆಮೇಲೆ ಬಹಳ ವಿನಯದಿಂದ ತಲೆಯಾಡಿಸಿದಳು. ಅವಳ ವಿನಯ ಕಂಡು, ಎಲೆ ತೂಗುವವನಾಗಿದ್ದರೆ ಓಡಿಹೋಗುತ್ತಿದ್ದ. ಇವರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು?

"ಸರಿ ಭಾವ. ಕಟ್ಟಳೆ ಮೀರೋದು ಬೇಡ. ಹಾಲಿರೋ ಜಾಗ ಹಾಗೊಟ್ಟು, ಅಲ್ವಾ?"

"ಹೂಂ, ಮತ್ತೆ?"

"ನಮ್ಮನೇಲಿ ಹಾಲಿರೋದು ಫ್ರಿಜ್ಜಿನಲ್ಲಿ. ಇಷ್ಟು ವರ್ಷ ತಿಳೀದೆ ಮುಟ್ಟಿಬಿಟ್ಟೆ. ಇನ್ನು ಮುಟ್ಟಲ್ಲ."

ಮರುದಿನ ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಬಿಳಿ ಹಿಮ. ಮಹಾಲಿಂಗಂ ಕಂಬಳಿಯೊಳಗಿಂದ ಟೀ ಕೇಳಿದ. ಬಂದದ್ದು ಕರೀ ಟೀ. ಹಾಲು ಬೇಕೆಂದರೆ ಅವನೇ ಎದ್ದು ಅಂಗಡಿಗೆ ಹೋಗಿ ಪ್ಯಾಕೆಟ್ಟು ತರಬೇಕು, ಅವನೇ ಕಾಯಿಸಬೇಕು, ಅವನೇ ಮೊಸರಿಗೆ ಹೆಪ್ಪು ಹಾಕಬೇಕು. "ನನ್ನ ಕೈ ತಾಗಬಾರದು," ಎಂದು ರಾಜಾಮಣಿ ಕೈ ಹಿಂದಕ್ಕೆ ಕಟ್ಟಿ ನಿಂತಳು. ಜೀವಿತಾ ಅತ್ತೆಯ ಪಕ್ಕದಲ್ಲೇ ಕೈ ಕಟ್ಟಿ ನಿಂತಳು, ನಗು ತಡೆಯಲಾರದೆ ಕೆಂಪಾಗಿದ್ದಳು.

ಸುದ್ದಿ ಗೋಡೆಗಳಲ್ಲಿ ಸೋರಿ ಸಾಲಿನ ಕೊನೆಯ ಮನೆವರೆಗೂ ಹೋಯಿತು. ಹೆಂಗಸರಿಗೆಲ್ಲ ಇದ್ದಕ್ಕಿದ್ದಂತೆ ಕಟ್ಟಳೆಯ ಮೇಲೆ ಭಕ್ತಿ ಉಕ್ಕಿತು. ಧರ್ಮಲಿಂಗನ ಹೆಂಡತಿಯೇ ಮೊದಲು ಫ್ರಿಜ್ಜಿನ ಬಾಗಿಲಿಗೆ ಕೈ ಮುಗಿದು ಹಿಂದೆ ಸರಿದವಳು. ಬೆಳಗಿನ ಹೊತ್ತು ಅಂಗಡಿ ಮುಂದೆ ಮಂಕಿ ಕ್ಯಾಪು ಹಾಕಿದ ಗಂಡಸರ ಸಾಲು. ಹಾಲು ಉಕ್ಕಿ ಒಲೆ ಮೇಲೆ ಹರಿದ ವಾಸನೆ ಹಟ್ಟಿಯಲ್ಲೆಲ್ಲ. ಧರ್ಮಲಿಂಗಂ ಹೆಪ್ಪು ಹಾಕಿದ್ದು ಎರಡು ದಿನ ಹಾಲಾಗಿಯೇ ಉಳಿದು ಮೂರನೇ ದಿನ ಬೇರೆ ಏನೋ ಆಯಿತು. ಹಿರಿಯರು ಈ ಕೆಲಸವನ್ನೆಲ್ಲ ದಿನಾ ಮಾಡುತ್ತಿದ್ದರಲ್ಲ ಎಂದು ರಾಜಾಮಣಿ ಹೊಗಳಿದಳು. ಅವನು ಸೊಪ್ಪು ಹಾಕಲಿಲ್ಲ. ಬಯ್ಯುವಂತೆಯೂ ಇಲ್ಲ, ಅವನದೇ ಮಾತು.

ವಾರ ಕಳೆಯುವ ಮುಂಚೆ ಅವನು ಬಂದು ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ.

"ಯೋಚನೆ ಮಾಡಿದೆ. ಎಮ್ಮೆ ಇಲ್ಲದ ಮನೆಗೆ ಹಾಗೊಟ್ಟೂ ಇಲ್ಲ. ಮಡಕೆಯನ್ನ ನಾನು ತಗೊಂಡು ಹೋಗ್ತೀನಿ. ಜಾಗ ಏನು ಬೇಕಾದ್ರೂ ಮಾಡ್ಕೊಳ್ಳಿ."

"ಫ್ರಿಜ್ಜು, ಭಾವ?"

"ಫ್ರಿಜ್ಜು ಫ್ರಿಜ್ಜೇ!" ಎಂದು ಗದರಿದ.

ಆದರೂ ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಟ್ಟ, ಮಫ್ಲರು ತೆಗೆದ. ಧೂಳು ಹಿಡಿದ ಆ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಪ್ಪನನ್ನು ನೆನೆಸಿಕೊಂಡನೋ ಏನೋ, ಕಣ್ಣು ಒದ್ದೆ ಮಾಡಿಕೊಂಡು ಹೊರಬಂದ. ಅವನು ದಾಟುವವರೆಗೆ ರಾಜಾಮಣಿ ಸೆರಗು ಹೊದ್ದು ಬದಿಗೆ ನಿಂತಳು. ಆ ಹೊತ್ತಿಗೆ ಅವಳಿಗೆ ಅವನ ಮೇಲೆ ನಿಜವಾಗಿ ಮರುಕವಾಯಿತು.

ಮನೆ ಹೊಸದು ಮಾಡುವ ಕೆಲಸ ಮುಗಿಯಿತು. ನಡುಗೋಡೆಗಳು ಹೋದವು, ಹೊಳೆಯುವ ಟೈಲ್ಸು ಬಂತು. ಅದರ ಮೇಲೆ ಮಹಾಲಿಂಗಂ ಮೊದಲನೇ ದಿನವೇ ಜಾರಿ ಬಿದ್ದ. ಓಪನ್ ಕಿಚನ್ನಿನಲ್ಲಿ ಜೀವಿತಾ ಸೌಟು ಹಿಡಿದರೆ ಟಿವಿ ನೋಡುವವರು, ಬಂದ ನೆಂಟರು, ದುಡ್ಡು ಕೇಳಲು ಬಂದ ಕೇಬಲ್ಲಿನವನು, ಎಲ್ಲರೂ ನೋಡುತ್ತಾರೆ. ಸಾರಿಗೆ ಉಪ್ಪು ಎಷ್ಟು ಹಾಕಿದಳು ಎಂದು ಸೋಫಾದಿಂದಲೇ ಹೇಳುತ್ತಾರೆ.

ಒಂದು ಮಧ್ಯಾಹ್ನ ಎಲೆ ಕೊಯ್ದು ಬಂದ ರಾಜಾಮಣಿ ಕೈಕಾಲು ತೊಳೆದು ತನ್ನ ಕೋಣೆಯ ಮುಂದೆ ನಿಂತಳು. ಇಷ್ಟು ರಂಪ ಮಾಡಿ ಗೆದ್ದವಳಿಗೆ ಹೊಸ್ತಿಲು ದಾಟಲು ಕಾಲೇ ಏಳಲಿಲ್ಲ. ಮನಸ್ಸಿನಲ್ಲೇ ಕುಲದೇವತೆ ಹೆತ್ತೆಯಮ್ಮನಿಗೆ ಕೈ ಮುಗಿದು ಒಳಗೆ ಹೋದಳು. ಚಿಲಕ ಹಾಕಿದಳು. ಸೀರೆ ಬದಲಿಸಿದಳು, ಕೆಮ್ಮದೆ. ಮಂಚದ ಮೇಲೆ ಕೂತಳು. ಯಾರೂ ದಾಟಲಿಲ್ಲ. ಆಗ, ಅಷ್ಟು ದಿನ ನುಂಗಿದ್ದೆಲ್ಲ ಬಂತು. ಯಾರಿಗೂ ಕಾಣದಂತೆ ಅಳುವುದು ಇಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ಗಂಡನಿರಬೇಕೆಂದು ಬಯ್ಯಲು ಬಾಯಿ ತೆರೆದವಳಿಗೆ ಜೀವಿತಾಳ ದನಿ ಕೇಳಿಸಿತು.

"ಮಾಮಿ, ಒಳಗೆ ಬರಲಾ? ಸುಮ್ಮನೆ, ಸ್ವಲ್ಪ ಹೊತ್ತು."

ರಾಜಾಮಣಿ ಕಣ್ಣೊರೆಸಿಕೊಂಡು ಬಾಗಿಲು ತೆರೆದಳು. ಹುಡುಗಿಯ ಮುಖ ನೋಡಿದಳು. ಮಂಚದ ಮೇಲೆ ಅವಳಿಗೂ ಜಾಗವಾಗುವಂತೆ ಗೋಡೆಯ ಕಡೆಗೆ ಸರಿದು ಕೂತಳು.

"ಚಿಲಕ ಹಾಕ್ಕೊಂಡು ಬಾ," ಎಂದಳು.