ಶರ್ಟಿನ ಜೇಬಿನ ವಿಭೂತಿ

ಅದು ವಿಭೂತಿ ಆಗಿರಲಿಲ್ಲ, ಕೊಕೇನ್. ನಾಲ್ಕು ವರ್ಷದ ಹಿಂದೆ ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ, ಹಣೆಗೆ ಮೂರು ಗೆರೆ ಎಳೆದುಕೊಂಡು, ಗೊತ್ತಿದ್ದೂ ಸುಳ್ಳು ಹೇಳಿದವನು ನಾನು — ಎಣ್ಣೆ ಮಿಲ್ಲಿನ ಯಜಮಾನ, ಬೀಡಿಯ ಹೊಗೆಯೂ ಸೋಕದ ಮನೆತನದ ಹಿರಿಯ.

ತಮ್ಮನ ಮಗ ವೀರೇಶನ ಜೊತೆ ಮೊಳಕಾಲ್ಮೂರಿನಲ್ಲಿ ಮದುವೆ ಊಟ ಮುಗಿಸಿ ಕಾರಿನಲ್ಲಿ ಬರುತ್ತಿದ್ದೆ. ಅವನಿಗೆ ಆಗ ಮೂವತ್ತೊಂದು; ಶೇಂಗಾ ಚೀಲವನ್ನು ಒಬ್ಬನೇ ಎತ್ತಿ ಹೆಗಲಿಗೇರಿಸುವ ಆಳು. ತಳಕು ದಾಟುವಾಗ ಎದೆ ಹಿಡಿದುಕೊಂಡ.

“ದೊಡ್ಡಪ್ಪ, ಗೋವಾದಿಂದ ಬಂದ ದೋಸ್ತುಗಳು ಕೊಟ್ರು... ಕೊಕೇನ್. ಮೂಗಿಗೆ ಏರಿಸ್ದೆ. ಡಾಕ್ಟ್ರಿಗೆ ಹೇಳ್ರಿ, ಮರೀಬ್ಯಾಡ್ರಿ.”

ಮರೆಯಲಿಲ್ಲ. ಮರೆತಿದ್ದರೆ ತಪ್ಪನ್ನು ವಯಸ್ಸಿನ ಮೇಲಾದರೂ ಹಾಕಬಹುದಿತ್ತು.

ಚಳ್ಳಕೆರೆಯ ನರ್ಸಿಂಗ್ ಹೋಮಿನಲ್ಲಿ, ನೋವಿಗೆ ಅರೆಪ್ರಜ್ಞೆಯಲ್ಲಿ ಮಲಗಿದ್ದ ವೀರೇಶನ ಶರ್ಟನ್ನು ಇಸಿಜಿಗೆಂದು ಬಿಚ್ಚಿದ ಸಿಸ್ಟರಿಗೆ ಅದರ ಜೇಬಿನಲ್ಲಿ ಪೊಟ್ಟಣ ಸಿಕ್ಕಿತು. “ಏನ್ರಿ ಇದು?”

“ಮಠದ ವಿಭೂತಿ, ತಾಯಿ.”

ಆಕೆ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. ಅಷ್ಟು ಭಾರದ ಪ್ರಸಾದ ನನಗೆ ಯಾವ ಮಠದಲ್ಲೂ ಸಿಕ್ಕಿಲ್ಲ.

“ಚಟ ಏನಾದ್ರು?” ಎಂದು ಡಾಕ್ಟರು ಹೊರಗೆ ಬಂದು ನನ್ನನ್ನು ಕೇಳಿದರು.

“ನಮ್ಮ ಮನ್ಯಾಗಾ? ಹಣೆ ನೋಡಿ ಕೇಳ್ರಿ ಸ್ವಾಮಿ!”

ನೋಡಿದರು, ನಂಬಿದರು. ಮೊದಲ ಇಸಿಜಿಯಲ್ಲಿ ಏನೂ ಸ್ಪಷ್ಟವಿರಲಿಲ್ಲ. ಚಟವಿಲ್ಲದ, ಗಟ್ಟಿಮುಟ್ಟಾದ ಆಸಾಮಿ — ಮದುವೆ ಊಟದ ಗ್ಯಾಸ್ ಎಂದುಕೊಂಡರು. ಎರಡು ಗಂಟೆ ಹೋಯಿತು. ನಾನು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಮನೆತನವನ್ನು ಕಾಯುತ್ತಿದ್ದೆ.

ನೋವು ಹೆಚ್ಚಿ ದಾವಣಗೆರೆಗೆ ಒಯ್ದಾಗ ವೀರೇಶನೇ ಬಾಯಿಬಿಟ್ಟು ಹೇಳಿದ. ಅಲ್ಲಿನ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು: ಕೊಕೇನ್ ಹೃದಯದ ರಕ್ತನಾಳವನ್ನು ಹಿಂಡಿ ಕಿರಿದಾಗಿಸುತ್ತದೆ; ರಕ್ತದ ಪ್ಲೇಟ್‌ಲೆಟ್‌ಗಳು ಅಂಟಂಟಾಗಿ ಹೆಪ್ಪುಗಟ್ಟುತ್ತವೆ; ಎಳೆ ವಯಸ್ಸಿನವರಿಗೂ ಹೃದಯಾಘಾತವಾಗುತ್ತದೆ. “ಮೊದ್ಲೇ ಗೊತ್ತಿದ್ದಿದ್ರೆ ಹೃದಯ ಇಷ್ಟು ಹಾಳಾಗೋದನ್ನ ತಪ್ಪಿಸಬಹುದಿತ್ತೇನೋ, ಯಜಮಾನ್ರೆ.” ನಾನು ತಲೆಯಾಡಿಸಿದೆ — ಏನೂ ಅರಿಯದವನಂತೆ...

ವೀರೇಶ ಉಳಿದ. ಊರಿಗೆ ಬಂದವನೇ ನನಗೆ ಶಾಲು ಹೊದಿಸಿದ. “ದೊಡ್ಡಪ್ಪ ಮರ್ಯಾದಿ ನೋಡ್ದೆ ಚಳ್ಳಕೆರ್ಯಾಗೇ ಡಾಕ್ಟ್ರಿಗೆ ಹೇಳಿದ್ದಕ್ಕೇ ಉಳ್ದೆ!” ನಾನು ಕತ್ತು ಬಗ್ಗಿಸಿಕೊಟ್ಟೆ. ಶಾಲು ಚೆನ್ನಾಗಿತ್ತು.

ಇಂದು ಅವನು ಊರೂರಿನ ಹುಡುಗರನ್ನು ಕೂರಿಸಿಕೊಂಡು, ತಾನು ಏರಿಸಿದ್ದೇನು, ಎದೆಯೊಳಗೆ ಆದದ್ದೇನು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. “ಆಸ್ಪತ್ರ್ಯಾಗೆ ಸುಳ್ಳು ಹೇಳ್ಬ್ಯಾಡ್ರಲೇ,” ಎನ್ನುತ್ತಾನೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತ ನನಗೆ ಎದೆ ಉಬ್ಬುತ್ತದೆ. ಹೌದು, ಹೆಮ್ಮೆ — ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಇಂಥ ಮನುಷ್ಯ ಹುಟ್ಟಿದ್ದಾನೆ. ಅದಕ್ಕೆ ನನ್ನ ಹಣೆಯ ಗೆರೆಗಳು ಕಾರಣವಲ್ಲ.

ಮಿಲ್ಲಿನ ಆಫೀಸಿಗೆ ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ವೀರೇಶ ನಿಂತು ಉಸಿರು ಎಳೆದುಕೊಳ್ಳುತ್ತಾನೆ. ಎಪ್ಪತ್ತರ ನಾನು ಮೇಲೆ ಹತ್ತಿ ಕಾಯುತ್ತೇನೆ. “ಭಾಳ ಗಟ್ಟಿ ಇದೀರಿ ದೊಡ್ಡಪ್ಪ!” ಎಂದು ನಗುತ್ತಾನೆ.

ಇವತ್ತು ನಾನು ಮೇಲೆ ಹತ್ತುವುದಿಲ್ಲ. ಶಾಲು ಮಡಿಸಿಟ್ಟುಕೊಂಡು, ವೀರೇಶನಿಗೆಂದು ಬರೆದ ಈ ಕಾಗದ ಹಿಡಿದು, ಏಳನೆಯ ಮೆಟ್ಟಿಲ ಮೇಲೆ ಕುಳಿತಿದ್ದೇನೆ. ಕೆಳಗೆ ಅವನ ಚಪ್ಪಲಿಯ ಸದ್ದು ಕೇಳುತ್ತಿದೆ.