ಗ್ಲೈಡರಿಗೆ ಇಟ್ಟ ಗಂಧ

ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ದಹಿಸರ್‌ನ ನಮ್ಮ ಫ್ಲ್ಯಾಟಿನಲ್ಲಿ ಒಂದು ಕೋಣೆಯ ವಾಸನೆ ಇನ್ನೊಂದಕ್ಕೆ ಬರಲು ತಡವಾಗುವುದಿಲ್ಲ. ನಾನು ಪೇಪರ್ ಮಡಚಿ ಸುಮ್ಮನೆ ಕೂತದ್ದನ್ನು ಕಂಡು, “ಅಜ್ಜಾ, ಸ್ಮೆಲ್ ಜಾಸ್ತಿ ಆಯ್ತಾ? ಖಿಡ್ಕಿ ಓಪನ್ ಮಾಡ್ಲಾ?” ಎಂದಳು. ಬೇಡ ಎಂದೆ. ಆ ವಾಸನೆ ನನಗೆ ಬೇರೆ ಕಡೆಯಿಂದ ಗೊತ್ತಿತ್ತು.

ಐವತ್ತರ ದಶಕದಲ್ಲಿ ಗ್ಲೈಡರ್ ಎಂದರೆ ತೆಳು ಹಲಗೆ ಮತ್ತು ಬಟ್ಟೆ, ಅಷ್ಟೇ. ರೆಕ್ಕೆಯ ಬಟ್ಟೆ ಬಿಗಿಯಾಗಲೆಂದು ಬಳಿಯುತ್ತಿದ್ದ ಡೋಪ್ ಎಂಬ ದ್ರವಕ್ಕೆ ಇದೇ ವಾಸನೆ ಇತ್ತು. ಎಂಜಿನ್ ಇಲ್ಲದ ವಿಮಾನ ಅದು. ಮುಂದಿನ ಸೀಟಿನಲ್ಲಿ ಕಲಿಯುವವನು, ಹಿಂದಿನದರಲ್ಲಿ ಕಲಿಸುವವರು. ಬಯಲಿನ ಆ ತುದಿಯಲ್ಲಿ ಹಳೆಯ ಲಾರಿಯ ಎಂಜಿನ್ನೊಂದು ಉದ್ದನೆಯ ತಂತಿಯನ್ನು ಗರಗರ ಸುತ್ತಿಕೊಂಡರೆ, ಈ ತುದಿಯಲ್ಲಿ ತಂತಿಗೆ ಸಿಕ್ಕಿಸಿದ ಗ್ಲೈಡರ್ ಗಾಳಿಪಟದ ಹಾಗೆ ಮೇಲೇಳುತ್ತಿತ್ತು. ಸಾಕಷ್ಟು ಎತ್ತರ ಸಿಕ್ಕ ಮೇಲೆ ತಂತಿಯನ್ನು ಬಿಟ್ಟು, ಸುತ್ತು ಹಾಕಿ ಇಳಿಯುವುದು. ಜುಹೂ ಕಡೆಯ ಬಯಲಿನಲ್ಲಿ ಭಾನುವಾರಗಳಲ್ಲಿ ಈ ಆಟ ನಡೆಯುತ್ತಿತ್ತು. ಮೈಸೂರಿನಿಂದ ಬೊಂಬಾಯಿಗೆ ಬಂದು ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ನಾನು ಆಫೀಸಿನ ಗೆಳೆಯನೊಬ್ಬನ ಹತ್ತಿರ ಜಂಬ ಕೊಚ್ಚಿ ಸಿಕ್ಕಿಹಾಕಿಕೊಂಡು ಅಲ್ಲಿನ ಕ್ಲಬ್ಬು ಸೇರಿದ್ದೆ. ವಿದ್ಯೆ ನನಗೆ ಅಷ್ಟಾಗಿ ಹತ್ತಲಿಲ್ಲ.

ಹತ್ತಿದ್ದು ಯಜಮಾನರಿಗೆ. ಅವರು ದಾದರ್ ಸ್ಟೇಶನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯವರು. ಆಗಲೇ ಐವತ್ತರ ಹತ್ತಿರ ಇದ್ದರು. ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ನನ್ನ ಎರಡು ಹೊತ್ತಿನ ಊಟ ಅವರಲ್ಲಿಯೇ. ಒಂದು ದಿನ ಊಟದ ಮೇಜಿನಲ್ಲಿ ನಾನು ಗ್ಲೈಡರಿನ ಪುರಾಣ ಬಿಚ್ಚಿದ್ದೆ. ಗಲ್ಲಾದ ಮೇಲೆ ಕೂತಿದ್ದ ಅವರು ಕುತ್ತಿಗೆ ಚಾಚಿದರು.

“ಎಂಜಿನ್ ಇಲ್ಲದೆ ಹಾರುವುದಾ? ಕೆಳಗೆ ಬರುವಾಗ ಹಿಡ್ಕೊಳ್ಳುವವರು ಯಾರು ಮಾರಾಯ್ರೆ?”

ಯಾರೂ ಇಲ್ಲ ಎಂದೆ.  ಮುಂದಿನ ಭಾನುವಾರ ಅವರು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಪ್ಲಾಟ್‌ಫಾರ್ಮಿನಲ್ಲಿ ನನಗಿಂತ ಮೊದಲೇ ನಿಂತಿದ್ದರು. ಅವರನ್ನು ಪ್ಯಾಂಟಿನಲ್ಲಿ ನೋಡಿದ್ದು ಅದೇ ಮೊದಲು.

ನಮಗೆ ಕಲಿಸುತ್ತಿದ್ದವರು ವಾಯುಪಡೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು, ಎಲ್ಲರ ಬಾಯಲ್ಲಿ ಕ್ಯಾಪ್ಟನ್ ಸಾಹೇಬರು. ಹೋಟೆಲಿನ ಸೇಠ್ ಒಬ್ಬ ಬಂದಿದ್ದಾನೆ, ಒಂದು ಸಲ ತಲೆಕೆಳಗು ಮಾಡಿ ತಂದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಅವರ ಲೆಕ್ಕಾಚಾರ. ಆ ಗ್ಲೈಡರ್ ಪಲ್ಟಿ ಹೊಡೆಯುವುದಕ್ಕೂ ತಯಾರಾದದ್ದೇ. ಮೇಲೆ ಹೋಗಿ, ಮೂತಿ ತಗ್ಗಿಸಿ ವೇಗ ಹಿಡಿದು, ಪೂರ್ತಿ ಒಂದು ಲಾಗ ಹಾಕಿಸಿದರು. ಹಿಂದಿನ ತಿಂಗಳು ಇದೇ ಲಾಗ ಹಾಕಿ ಬಂದ ನಾನು ಹುಲ್ಲಿನ ಮೇಲೆ ಕೂತು ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕಿದ್ದೆ. ಯಜಮಾನರು ಇಳಿದು ಅಂಗಿ ಸರಿಮಾಡಿಕೊಂಡರು.

“ಕಾವಲಿ ಮೇಲೆ ದೋಸೆ ಮಗುಚಿದ ಹಾಗೆ ಆಯ್ತು. ಇನ್ನೊಮ್ಮೆ ಆಗ್ಬಹುದಾ, ಕೇಳಿ ನೋಡಿ.”

ಅಲ್ಲಿಂದ ಅವರು ಬಿಡಲೇ ಇಲ್ಲ. ಮಾಣಿ ಕೂಗಿದ್ದನ್ನು ಒಳಗಿನಿಂದ ಭಟ್ಟರು ತಿರುಗಿ ಕೂಗಿ ಹೇಳುವುದು ಅವರ ಹೋಟೆಲಿನ ಪದ್ಧತಿ. ಅದನ್ನೇ ಗ್ಲೈಡರಿನಲ್ಲೂ ಜಾರಿಗೆ ತಂದರು. ಹಿಂದಿನ ಸೀಟಿನಿಂದ ಸಾಹೇಬರು “ಸ್ಪೀಡ್ ದೇಖೋ” ಎಂದರೆ ಇವರು ಮುಂದಿನಿಂದ “ಸ್ಪೀಡ್ ಒಂದು!” ಎಂದು ಕೂಗುತ್ತಿದ್ದರಂತೆ. ಸಾಹೇಬರು ಮೊದಮೊದಲು ಸಿಡುಕಿದರು, ಆಮೇಲೆ ಅವರೂ ಹಾಗೇ ಕೂಗುವುದಕ್ಕೆ ಶುರು ಮಾಡಿದರು.

ಆದರೆ ಒಬ್ಬರೇ ಹಾರಬೇಕೆಂದು ಯಜಮಾನರು ಕೇಳಿದಾಗ ಕ್ಲಬ್ಬಿನ ಕಮಿಟಿಯವರು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಯಾಕೆ ಎಂದರು. ಕೊನೆಗೆ ಸಾಹೇಬರೇ ಜವಾಬ್ದಾರಿ ಹೊತ್ತಾಗ ಕಮಿಟಿಯವರು ಒಂದು ಷರತ್ತು ಹಾಕಿ ಒಪ್ಪಿದರು: ಗ್ಲೈಡರಿಗೆ ಏನಾದರೂ ಆದರೆ ಅಲ್ಲಿಗೆ ಮುಗಿಯಿತು, ಮತ್ತೆ ಹತ್ತುವಂತಿಲ್ಲ. ಒಬ್ಬರೇ ಹಾರುವ ಹಟ ಯಾಕೆ ಎಂದು ನಾನೂ ಒಮ್ಮೆ ಲೋಕಲ್ ರೈಲಿನಲ್ಲಿ ಕೇಳಿದ್ದೆ.

“ಬೊಂಬಾಯಿಗೆ ಬಂದಾಗ ಅಡಿಗೆಮನೆ ಅಟ್ಟದ ಮೇಲೆ ಹತ್ತು ಜನ ಮಲಗುವುದು. ಈಗ ನೋಡಿದ್ರೆ ಹಗಲಿಡೀ ಗಿರಾಕಿಗಳು. ನಾನು ಒಬ್ಬನೇ ಅಂತ ಎಲ್ಲಿಯೂ ಇದ್ದದ್ದೇ ಇಲ್ಲ ಮಾರಾಯ್ರೆ. ಒಮ್ಮೆ ಇದ್ದು ನೋಡ್ಬೇಕು.”

ಅವರ ಹೆಂಡತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅವರನ್ನು ನಾವು ಅಮ್ಮ ಎನ್ನುತ್ತಿದ್ದೆವು. ಅವರ ಒಬ್ಬನೇ ಮಗ ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡಿದ್ದ. ಅದು ದೀಪಾವಳಿಯ ಸಮಯ. ಮೈ ಬೆಚ್ಚಗಿದ್ದರೂ ಹಬ್ಬದ ದಿನ ಬಿಡಬಾರದೆಂದು ಅಮ್ಮ ಅವನಿಗೆ ಎಣ್ಣೆ ಹಚ್ಚಿ ನೀರೆರೆದಿದ್ದರು. ಅದರಿಂದಲೇ ಹೋದ ಎಂದು ನೆಂಟರೆಲ್ಲ ಅಂದರು. ಅಮ್ಮನೂ ನಂಬಿದರು. ಆಮೇಲೆ ಎಷ್ಟೋ ವರ್ಷ ಹಬ್ಬವಿಲ್ಲ, ಹರಿದಿನವಿಲ್ಲ, ಪೂಜೆಯ ತಟ್ಟೆಯನ್ನೂ ಮುಟ್ಟಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಹೋಟೆಲಿನ ಭಟ್ಟರು. ಯಜಮಾನರು ಈ ಮಾತನ್ನು ಎಂದೂ ಎತ್ತಲಿಲ್ಲ.

ಮಳೆ ನಿಂತು ಬಯಲು ಒಣಗಿತು. ಆಯುಧಪೂಜೆಯ ದಿನ ರಜೆ. ಬೆಳಿಗ್ಗೆ ಸಾಹೇಬರು ಯಜಮಾನರನ್ನು ಕೂರಿಸಿಕೊಂಡು ಎರಡು ಸಲ ಹಾರಿ ಬಂದರು. ಎರಡು ಸಲವೂ ಯಜಮಾನರೇ ಮಲ್ಲಿಗೆ ಹೂ ಇಳಿಸಿದ ಹಾಗೆ ಇಳಿಸಿದರು. ಸಾಹೇಬರು ಹಿಂದಿನ ಸೀಟಿನಿಂದ ಇಳಿದು ಅದರ ಪಟ್ಟಿಗಳನ್ನು ಬಿಗಿದು ಕಟ್ಟಿ, “ಅಬ್ ಅಕೇಲಾ ಜಾವೋ ಸೇಠ್,” ಇನ್ನು ಒಬ್ಬರೇ ಹೋಗಿ, ಎಂದರು.

ಆಗ ಅಮ್ಮ ಟ್ಯಾಕ್ಸಿಯಿಂದ ಇಳಿದರು. ಕೈಯಲ್ಲಿ ಹಿತ್ತಾಳೆಯ ತಟ್ಟೆ ಇತ್ತು. ಹೋಟೆಲಿನ ರುಬ್ಬುಕಲ್ಲಿಗೆ, ಕಾಫಿ ಬಾಯ್ಲರಿಗೆ, ಗಲ್ಲಾಪೆಟ್ಟಿಗೆಗೆ ಎಲ್ಲಕ್ಕೂ ಪೂಜೆ ಮಾಡಿಯೇ ಬಂದಿದ್ದರು. ಗಂಡ ಹತ್ತುವ ಗ್ಲೈಡರೊಂದನ್ನು ಬಿಡುವುದು ಹೇಗೆ? ಅವರು ತಟ್ಟೆ ಹಿಡಿದದ್ದನ್ನು ನೋಡಿ ಯಜಮಾನರ ಮುಖ ಅರಳಿತು. ಅಷ್ಟು ಸಂತೋಷ ಅವರಿಗೆ ಪಲ್ಟಿ ಹೊಡೆದ ದಿನವೂ ಆಗಿರಲಿಲ್ಲ. ಸಾಹೇಬರೂ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಅವರ ಕಡೆಯೂ ಆ ದಿನ ಆಯುಧಗಳಿಗೆ ಪೂಜೆ. ಅಮ್ಮ ಗ್ಲೈಡರಿನ ಮೂತಿಗೆ ಧಾರಾಳವಾಗಿ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟು, ಸೇವಂತಿಗೆ ಹೂ ಒತ್ತಿದರು. ನಿಂಬೆಹಣ್ಣು ನಿವಾಳಿಸಿದರು. ಹೂ ಹಾರಿಹೋದೀತೆಂದು ಸಾಹೇಬರು ಅದನ್ನು ಮಾತ್ರ ತೆಗೆದು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ಮೂತಿಯಲ್ಲಿ ಬೆರಳು ಗಾತ್ರದ ಒಂದು ಕೊಳವೆ ಇರುತ್ತದೆ. ಎದುರಿನ ಗಾಳಿ ಅದರೊಳಕ್ಕೆ ನುಗ್ಗಿದರೇ ವೇಗ ತೋರಿಸುವ ಮುಳ್ಳು ಏಳುವುದು. ಇದು ನಮಗೆಲ್ಲರಿಗೂ ಪಾಠದಂತೆ ಬಾಯಿಗೆ ಬರುತ್ತಿತ್ತು. ಆದರೂ ಕೈಮುಗಿದು ನಿಂತಾಗ ಒಬ್ಬರಿಗೂ ಹೊಳೆಯಲಿಲ್ಲ...

ಮೇಲೇರಿದ್ದು, ತಂತಿ ಬಿಟ್ಟದ್ದು, ಸುತ್ತು ಹಾಕಿದ್ದು ಎಲ್ಲ ಸರಿಯಾಗಿಯೇ ಕಂಡಿತು. ಇಳಿಯುವಾಗ ಮಾತ್ರ ಮೂತಿ ಎತ್ತಿಕೊಂಡೇ ಬಂದರು, ತೀರಾ ನಿಧಾನ. ಮನೆಯ ಮಾಡಿನಷ್ಟು ಎತ್ತರದಲ್ಲಿ ಗ್ಲೈಡರ್ ವೇಗ ಸಾಲದೆ ಒಮ್ಮೆಲೇ ಕುಸಿದು ಧಡ್ಡೆಂದು ನೆಲಕ್ಕೆ ಬಿತ್ತು. ಹಲಗೆ ಸೀಳಿದ ಸದ್ದು ನಮ್ಮವರೆಗೆ ಕೇಳಿಸಿತು.

ಎಲ್ಲರಿಗಿಂತ ಮೊದಲು ಓಡಿ ತಲುಪಿದವನು ನಾನು. ಅವರು ಆಗಲೇ ಇಳಿದು ಮೂತಿಯ ಮುಂದೆ ಮಂಡಿಯೂರಿದ್ದರು. ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ, ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ಅಂಗಿಯಿಂದ ಹೊರಗೆಳೆದು ಕೊಳವೆಯ ಬಾಯಿಂದ ಒಣಗಿದ ಗಂಧವನ್ನು ಕೆರೆದು ಕೆರೆದು ತೆಗೆಯುತ್ತಿದ್ದರು. 

“ನೀವು ಏನೂ ನೋಡ್ಲಿಲ್ಲ,” ಎಂದರು, ತಲೆ ಎತ್ತದೆ. “ಅವಳಿಗೆ ಗೊತ್ತಾಗ್ಬಾರ್ದು. ಒಂದು ಭಾರ ಹೊತ್ತದ್ದೇ ಸಾಕು ಅವಳಿಗೆ.”

ಕರವಸ್ತ್ರದ ತುದಿ ಹೊಸೆದು ಕೊಳವೆಯೊಳಗೆ ತಿರುವಿ ಒರೆಸಿದರು. ಸಾಹೇಬರು ಏದುಸಿರು ಬಿಡುತ್ತ ಬಂದಾಗ ಮೂತಿಯ ಮೇಲೆ ಕುಂಕುಮದ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಹೊಟ್ಟೆಯ ಹಲಗೆ ಉದ್ದಕ್ಕೆ ಸೀಳಿತ್ತು. ಸಾಹೇಬರು ಕೊಳವೆಗೆ ಮೆಲ್ಲಗೆ ಊದಿ ನೋಡಿದರು, ಮುಳ್ಳು ಎದ್ದಿತು.

“ಯಂತ್ರದಲ್ಲಿ ಏನಾದರೂ ತೊಂದರೆ ಇತ್ತಾ? ಇದ್ದರೆ ಹೇಳಿ ಸೇಠ್, ಕಮಿಟಿಯ ಜೊತೆ ನಾನು ಜಗಳ ಆಡುತ್ತೇನೆ,” ಎಂದು ಹಿಂದಿಯಲ್ಲಿ ಕೇಳಿದರು. ಎರಡು ಸಲ ಕೇಳಿದರು.

“ನೈ ಸಾಬ್. ಮೇರಾ ಗಲ್ತಿ. ಸ್ಪೀಡ್ ನೈ ದೇಖಾ,” ಎಂದು ಯಜಮಾನರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ಅಷ್ಟು ಹೊತ್ತಿಗೆ ಅಮ್ಮ ಸೆರಗು ಹಿಡಿದುಕೊಂಡು ಬಂದು ಮುಟ್ಟಿದ್ದರು. ಅವರು ಗಂಡನ ತಲೆ, ಕೈ, ಭುಜ ಎಲ್ಲವನ್ನೂ ಸವರಿ ನೋಡಿದರು. ಎಲ್ಲಿಯೂ ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಗ್ಲೈಡರಿನ ಕಡೆ ತಿರುಗಿ ಕೈಮುಗಿದು ಅತ್ತರು. “ಕುಂಕುಮ ಇಟ್ಟದ್ದಕ್ಕೆ ಉಳಿಸಿಕೊಟ್ಟೆ ದೇವರೇ,” ಎಂದರು. ಯಜಮಾನರು “ಹೌದು ಮತ್ತೆ” ಎಂದರು.

ಅಮ್ಮನನ್ನು ಟ್ಯಾಕ್ಸಿಯಲ್ಲಿ ಕಳಿಸಿ, ಹಲಗೆ ಎತ್ತಿಡುವ ಕೆಲಸ ಮುಗಿಸಿ, ನಾವಿಬ್ಬರೂ ಲೋಕಲ್‌ನಲ್ಲಿ ವಾಪಸಾದೆವು.  ಮೇಲೆ ಒಬ್ಬರೇ ಇದ್ದಾಗ ಹೇಗಿತ್ತು ಎಂದು ಕೇಳಿದೆ.

“ಎಲ್ಲಿ ಒಬ್ಬನೇ?” ಎಂದರು. “ಮುಳ್ಳು ಸೊನ್ನೆಯಿಂದ ಏಳ್ಲೇ ಇಲ್ಲ. ಯಾಕೆ ಅಂತ ಕೂಡ್ಲೇ ಗೊತ್ತಾಯ್ತು. ಇಳಿಯುವವರೆಗೂ ತಲೆ ತುಂಬ ಅವಳೇ. ನಾನು ಸತ್ರೆ ಇವಳಿಗೆ ಯಾರಾದ್ರೂ ಹೇಳಿಯೇ ಹೇಳ್ತಾರೆ ಅಂತ...”

ಕಮಿಟಿಯವರು ಹೇಳಿದಂತೆಯೇ ಮಾಡಿದರು. ಯಜಮಾನರು ಎದುರಾಡಲಿಲ್ಲ. ದರ್ಜಿಯ ಹತ್ತಿರ ಕೊಳವೆಯ ಅಳತೆಗೆ ಸರಿಯಾಗಿ ಒಂದು ಪುಟ್ಟ ಬಟ್ಟೆಯ ಚೀಲ ಹೊಲಿಸಿ, ಧೂಳು ಹೋಗದಿರಲಿ, ಹಾರುವ ಮೊದಲು ಕಳಚಿ ಒಳಗೆ ನೋಡಿ ಎಂದು ಸಾಹೇಬರಿಗೆ ಕೊಟ್ಟು ಬಂದರು. ಆ ಬಯಲಿಗೆ ಅವರು ಹೋದದ್ದು ಅದೇ ಕೊನೆ. ಅವರಿಲ್ಲದೆ ನನಗೂ ರುಚಿಸಲಿಲ್ಲ, ಕೆಲವು ತಿಂಗಳಲ್ಲಿ ಬಿಟ್ಟೆ. ಹೋಟೆಲಿನಲ್ಲಿ ಮಾತ್ರ ಅಮ್ಮ ಆ ಕಥೆಯನ್ನು ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: ವಿಮಾನವೇ ಸೀಳಿದರೂ ಇವರಿಗೆ ಒಂದು ಗೀರೂ ಆಗಲಿಲ್ಲ, ಬೆಳಿಗ್ಗೆಯಷ್ಟೇ ಪೂಜೆ ಮಾಡಿದ್ದೆ. ಆ ವರ್ಷ ದೀಪಾವಳಿಗೆ ಅವರು ಹೋಟೆಲಿನ ಆಳುಗಳಿಗೆಲ್ಲ ತಾವೇ ಎಣ್ಣೆ ಕೊಟ್ಟು ಬಿಸಿನೀರು ಕಾಯಿಸಿದರು. ಗಲ್ಲಾದ ಮೇಲಿನಿಂದ ಯಜಮಾನರು ನೋಡುತ್ತಿದ್ದರು. ಅವರ ಮೇಲೆ ನನಗಿದ್ದದ್ದು ಅಲ್ಲಿಯವರೆಗೆ ಸಲಿಗೆ. ಆ ದಿನದಿಂದ ಪ್ರೀತಿ.

ಯಜಮಾನರು ತೀರಿಕೊಂಡದ್ದು ಎಷ್ಟೋ ವರ್ಷಗಳ ನಂತರ. ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಅಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದರು. ಹಣೆ ಬರಿದಾಗಿತ್ತು. ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

“ನೀವು ಆ ದಿನ ಅಲ್ಲಿಯೇ ಇದ್ರಲ್ಲ. ಮಗುವನ್ನು ನಾನೇ ಕಳೆದದ್ದು ಅಂತ ಎಲ್ಲರೂ ಹೇಳಿದ್ರು. ಇವರನ್ನಾದ್ರೂ ನಾನು ಉಳಿಸಿಕೊಂಡೆ, ಅಲ್ವಾ?”

“ಹೌದಮ್ಮ,” ಎಂದೆ. “ನಿಮ್ಮಿಂದಲೇ ಉಳಿದದ್ದು. ನಾನೇ ಕಣ್ಣಾರೆ ನೋಡಿದ್ದೀನಿ.”

ಅವರು ಕಣ್ಣೊರೆಸಿಕೊಂಡು, ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ ಎಂದರು. ಊಟ ಮಾಡಿ ಬಂದೆ.

ಈಗ ಅಮ್ಮನೂ ಇಲ್ಲ. ಸಾಹೇಬರು ಅವರಿಗಿಂತ ಮೊದಲೇ ಹೋದರು. ಹೋಟೆಲಿದ್ದ ಜಾಗದಲ್ಲಿ ಮೊಬೈಲು ಮಾರುತ್ತಾರೆ. ಹೇಳಿದರೆ ನೋಯುವವರು ಯಾರೂ ಉಳಿದಿಲ್ಲ ಎಂಬ ಧೈರ್ಯದ ಮೇಲೆ ಇಷ್ಟು ಬರೆದೆ. ಬರೆದು ಮುಗಿಸಿದ ಮೇಲೆ, ಯಜಮಾನರಿಗೆ ಇದು ಇಷ್ಟವಾಗುತ್ತಿರಲಿಲ್ಲ ಎನಿಸುತ್ತಿದೆ. ಆದರೆ ಕೂತು ಅವರ ವಿಷಯ ಮಾತಾಡಲು ನನಗೂ ಈಗ ಯಾರೂ ಉಳಿದಿಲ್ಲ.